ಮಳೆಗಾಲದ ಹಸಿರು ನಂಬಿ ದೊಡ್ಡ ಗಿಡ ಕೀಳಿಸಬೇಡಿ

ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಕಾರು ನಿಲ್ಲಿಸಲು ಜಾಗ ಬೇಕೆಂದು, ಹತ್ತು ವರ್ಷ ದಾಟಿದ ದಾಸವಾಳ, ನಂದಿಬಟ್ಟಲು ಗಿಡಗಳನ್ನು ಜೂನ್ ಕೊನೆಯಲ್ಲಿ ಜೆಸಿಬಿಯಿಂದ ಎತ್ತಿಸಿ ಹಿತ್ತಲಿಗೆ ಹಾಕಿಸಿದರು. ಗುತ್ತಿಗೆ ಹಿಡಿದವರು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಪೂರ್ತಿ ದುಡ್ಡು ತೆಗೆದುಕೊಂಡು ಹೋದರು. ಸೆಪ್ಟೆಂಬರ್‌ವರೆಗೂ ಎಲೆ ಹಸಿರಾಗೇ ಇತ್ತು, ದಾಸವಾಳ ಚಿಗುರನ್ನೂ ಬಿಟ್ಟಿತು. ಮಳೆ ಹೋಗಿ ಬಿಸಿಲು ಬಿದ್ದಿದ್ದೇ ತಡ, ಒಂದೊಂದಾಗಿ ಒಣಗಿದವು. ದೀಪಾವಳಿಗೆ ಉಳಿದದ್ದು ಬರೀ ಕಡ್ಡಿ.

ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಗಾಳಿಯೇ ಒದ್ದೆ, ಎಲೆಯಿಂದ ನೀರು ಆರುವುದು ತೀರಾ ಕಮ್ಮಿ. ಹಾಗಾಗಿ ಬೇರು ಸತ್ತಿದ್ದರೂ ಕಾಂಡದಲ್ಲಿ ಕೂಡಿಟ್ಟದ್ದರ ಮೇಲೆ ಗಿಡ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಚಿಗುರು ಬೇರು ಹಿಡಿದದ್ದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಒಣಗಿದ ದಾಸವಾಳ ಎಳೆದರೆ ಕೈಯಲ್ಲೇ ಬಂತು. ಬೆರಳು ದಪ್ಪದ ಬೇರುಗಳ ತುದಿ ಸಿಗಿದು ನಾರುನಾರಾಗಿತ್ತು, ಸಿಪ್ಪೆ ಕಪ್ಪಾಗಿ ಜಾರುತ್ತಿತ್ತು, ಎಳೆಯಂಥ ಬಿಳಿ ಬೇರು ಒಂದೂ ಇರಲಿಲ್ಲ. ಜೆಸಿಬಿ ಬೇರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಕಡೆ ಕೊಳೆ ಸೇರುತ್ತದೆ. ಅದು ಸಾಲದೆಂದು ಬುಡವನ್ನು ಮೊದಲಿಗಿಂತ ಅರ್ಧ ಅಡಿ ಆಳಕ್ಕೆ ಹೂತಿದ್ದರು, ಗುಂಡಿಗೆ ಹಸಿ ಸಗಣಿ, ಯೂರಿಯಾ ಸುರಿದಿದ್ದರು. ಗಾಯದ ಬೇರಿಗೆ ಯೂರಿಯಾ ಉಪ್ಪು ಸವರಿದಂತೆ. ಕೆಂಪು ಜೇಡಿಯ ಆ ಗುಂಡಿಯಲ್ಲಿ ನೀರು ಬೇರೆ ನಿಂತಿತ್ತು.

ದೊಡ್ಡ ಗಿಡ ಸರಿಸಲೇಬೇಕಿದ್ದರೆ ತಯಾರಿ ಮಾರ್ಚ್-ಏಪ್ರಿಲ್‌ನಲ್ಲೇ, ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ಶುರುವಾಗಬೇಕು. ಬುಡದ ಕಾಂಡ ಎಷ್ಟು ದಪ್ಪವೋ ಅದರ ಹತ್ತರಿಂದ ಹನ್ನೆರಡು ಪಟ್ಟು ಅಗಲದ ಮಣ್ಣಿನ ಹೆಂಟೆ ಜೊತೆಗೇ ಬರಬೇಕು: ಎರಡು ಇಂಚು ಕಾಂಡಕ್ಕೆ ಎರಡಡಿ ಅಗಲ, ಒಂದೂಕಾಲು ಅಡಿ ಆಳ. ಆ ಅಳತೆಗೆ ಸುತ್ತ ಗೆರೆ ಎಳೆದು, ಮೊದಲು ಅರ್ಧ ಸುತ್ತಿಗೆ ಮಾತ್ರ ಒಂದಡಿ ಆಳದ ಕಾಲುವೆ ತೋಡಿ ಹರಿತ ಕತ್ತರಿಯಿಂದ ಬೇರು ನೀಟಾಗಿ ಕತ್ತರಿಸಿ. ಮರಳು, ಕಳಿತ ಗೊಬ್ಬರ, ಮೇಲ್ಮಣ್ಣು ಬೆರೆಸಿ ತುಂಬಿ, ತೇವ ಆರದಂತೆ ನೋಡಿಕೊಳ್ಳಿ. ತಿಂಗಳ ನಂತರ ಇನ್ನರ್ಧ. ಕತ್ತರಿಸಿದ ಕಡೆ ಹೊಸ ಬೇರು ಒಡೆದು ಹೆಂಟೆಯನ್ನು ಬಿಗಿಯಾಗಿ ಹಿಡಿಯುತ್ತದೆ.

ಕೀಳುವುದು ಜೂನ್ ಆರಂಭದಲ್ಲಿ, ಮಳೆ ಜೋರಾಗುವ ಮುನ್ನ, ಸಂಜೆ ಹೊತ್ತು. ಹೆಂಟೆ ಒಡೆಯದಂತೆ ಗೋಣಿತಾಟು ಸುತ್ತಿ ತೆಂಗಿನ ಹಗ್ಗ ಬಿಗಿಯಿರಿ. ಒದ್ದೆಯಾದರೆ 150 ಕೆಜಿ ಮೀರಬಹುದು. ಕಾಂಡ ಹಿಡಿದು ಎತ್ತಿದರೆ ಹೆಂಟೆ ಅಲ್ಲೇ ಕಳಚುತ್ತದೆ, ಅಡಿಯಿಂದಲೇ ನಾಲ್ಕು ಜನ ಎತ್ತಬೇಕು. ಗುಂಡಿ ಹೆಂಟೆಯ ಎರಡು ಪಟ್ಟು ಅಗಲ, ಆಳ ಮಾತ್ರ ಹೆಂಟೆಯಷ್ಟೇ. ಮೊದಲು ಮಣ್ಣು ಎಲ್ಲಿಯವರೆಗಿತ್ತೋ ಆ ಗುರುತು ನೆಲಮಟ್ಟಕ್ಕೆ ಸಮ ಬರಬೇಕು. ಕೊಂಬೆ ಮೂರರಲ್ಲೊಂದು ಭಾಗ ಸವರಿ, ತರಗೆಲೆ ಹೊದಿಸಿ, ಬುಡ ಅಲುಗದಂತೆ ಗೂಟ ಕಟ್ಟಿ. ಹೊಸ ಚಿಗುರು ಬಲಿಯುವವರೆಗೆ ರಾಸಾಯನಿಕ ಗೊಬ್ಬರ ಬೇಡ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಮಳೆ ನಂಬದೆ ಕೈನೀರು ಕೊಡಿ. ಅಕ್ಟೋಬರ್‌ನಿಂದ ಬೇಸಿಗೆ ದಾಟುವವರೆಗೂ ನೀರು ತಪ್ಪಿಸಬಾರದು.

ಕೂಲಿಯ ಅರ್ಧ ಹಣ ದೀಪಾವಳಿ ನಂತರವೇ ಎಂದು ಮೊದಲೇ ಮಾತಾಡಿಕೊಳ್ಳಿ. ಹಳೆಯ ಕಾಗದದ ಹೂವಿನ ಬಳ್ಳಿಯ ಬೇರು ಬಲು ನಾಜೂಕು, ಅದನ್ನಂತೂ ಮುಟ್ಟಬೇಡಿ. ಪೆನ್ಸಿಲ್ ದಪ್ಪದ, ಎಂಟಿಂಚಿನ ಕಡ್ಡಿ ನೆಟ್ಟರೆ ಅದೂ, ದಾಸವಾಳವೂ ಮತ್ತೆ ಬರುತ್ತವೆ. ಹಳೆಯ ಗಿಡಕ್ಕೆ ಕತ್ತರಿ ಹಾಕುವ ಮುನ್ನವೇ ನಾಲ್ಕಾರು ಕಡ್ಡಿ ನೆರಳಲ್ಲಿ ನೆಟ್ಟಿಡಿ.