ಆರತಕ್ಷತೆಯ ಸಂಗೀತ: ಆರ್ಕೆಸ್ಟ್ರಾ, ಡಿಜೆ, ಇಲ್ಲವೇ ಹಾಡುವ ಗೆಳೆಯರು?

ನಮ್ಮ ಮನೆಯ ಆರತಕ್ಷತೆಗಳಲ್ಲಿ ಸಂಗೀತದ ಏರ್ಪಾಡು ಹೆಚ್ಚಾಗಿ ನನ್ನ ಹೆಗಲಿಗೇ ಬೀಳುತ್ತದೆ. ಅಕ್ಕನ ಆರತಕ್ಷತೆಗೆ ಹಣ ಕೊಟ್ಟು ಆರ್ಕೆಸ್ಟ್ರಾ ಕರೆಸಿದ್ದೆವು, ಚಿಕ್ಕಪ್ಪನ ಮಗನದಕ್ಕೆ ಡಿಜೆ ಇದ್ದರು, ತಮ್ಮನದಕ್ಕೆ ಕಾಲೇಜಿನ ದಿನಗಳಿಂದಲೂ ಅವನ ಜೊತೆಗಿದ್ದ, ಹಾಡುವ ಮತ್ತು ವಾದ್ಯ ನುಡಿಸುವ ಗೆಳೆಯರೇ ವೇದಿಕೆ ಏರಿದರು. ಮುಂದೆ ಮತ್ತೊಂದು ಮದುವೆ ನಿಶ್ಚಯವಾದರೆ ನಾನು ಮೊದಲು ಫೋನ್ ಮಾಡುವುದು ಅಂಥ ಗೆಳೆಯರಿಗೇ.

ಆರ್ಕೆಸ್ಟ್ರಾದವರು ಚೆನ್ನಾಗಿಯೇ ಹಾಡಿದರು. ಶ್ರುತಿಯಲ್ಲಾಗಲಿ ಲಯದಲ್ಲಾಗಲಿ ಹೆಸರಿಡುವಂತಿರಲಿಲ್ಲ. ಆದರೆ ಅವರ ಪಟ್ಟಿ ಮೊದಲೇ ಸಿದ್ಧವಾಗಿತ್ತು, ಯಾರ ಮದುವೆಯಾದರೂ ಅದೇ ಕ್ರಮ. ತಮ್ಮನ ಗೆಳೆಯರಿಗೆ ಈ ಹುಡುಗ, ಈ ಹುಡುಗಿ ಯಾವ ಹಾಡುಗಳನ್ನು ಕೇಳಿಕೊಂಡು ಬಂದವರು ಎಂಬುದು ಗೊತ್ತಿತ್ತು. ಅಜ್ಜಿ ನಿಧಾನವಾಗಿ ಮೆಟ್ಟಿಲು ಹತ್ತಿ ಹರಸಲು ಬಂದಾಗ ಗಾಯಕಿ ಚರಣವನ್ನು ಅಲ್ಲಿಗೇ ನಿಲ್ಲಿಸಿದಳು. ವಯೋಲಿನ್ ಮಾತ್ರ ಮೆಲ್ಲಗೆ ನುಡಿಯುತ್ತಿತ್ತು, ಅಜ್ಜಿ ಹೇಳಿದ ಒಂದೊಂದು ಮಾತೂ ನಮಗೆಲ್ಲ ಕೇಳಿಸಿತು. ಹಾಗೆ ಮಾಡಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈ ಆಯ್ಕೆಯಲ್ಲಿ ತಲೆನೋವಾಗುವುದು ಧ್ವನಿ ವ್ಯವಸ್ಥೆ. ಆರ್ಕೆಸ್ಟ್ರಾದವರು ಮಿಕ್ಸರ್ (ಎಲ್ಲ ಮೈಕು, ವಾದ್ಯಗಳ ದನಿಯನ್ನು ಸೇರಿಸಿ ಹದಗೊಳಿಸುವ ಯಂತ್ರ), ಸ್ಪೀಕರ್, ಅದನ್ನು ನೋಡಿಕೊಳ್ಳುವ ಮನುಷ್ಯ ಎಲ್ಲವನ್ನೂ ಜೊತೆಗೇ ತರುತ್ತಾರೆ, ಗೆಳೆಯರು ತರುವುದು ವಾದ್ಯಗಳನ್ನು ಮಾತ್ರ. ಸಭಾಂಗಣದವರು ‘ಸೌಂಡ್ ಸಿಸ್ಟಮ್ ನಮ್ಮಲ್ಲೇ ಇದೆ’ ಎಂದು ಭರವಸೆ ಕೊಟ್ಟಿದ್ದರು. ಅಲ್ಲಿದ್ದದ್ದು ಭಾಷಣಕ್ಕೆ ಸಾಕಾಗುವ ಒಂದೆರಡು ಮೈಕು ಮತ್ತು ಸಭಾಂಗಣದ ಹಿಂಬದಿಯ ಮೂಲೆಯಲ್ಲೊಂದು ಮಿಕ್ಸರ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಪಿಕಪ್ಪಿನಿಂದ ಹೊರಡುವ ಸಂಕೇತ ಬಹಳ ದುರ್ಬಲವಾದದ್ದು. ಸಾಮಾನ್ಯ ಗಿಟಾರ್ ಕೇಬಲ್ಲಿನಲ್ಲಿ ಅದನ್ನು ಐದಾರು ಮೀಟರಿಗಿಂತ ದೂರ ಎಳೆದರೆ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ, ದಾರಿಯಲ್ಲಿ ಸಿಗುವ ವಿದ್ಯುತ್ ತಂತಿಗಳ ಗದ್ದಲವೂ ಅದಕ್ಕೆ ಅಂಟಿಕೊಳ್ಳುತ್ತದೆ. ಕೀಬೋರ್ಡಿನ ಪ್ಲಗ್ಗು ವೇದಿಕೆಯ ಬಳಿ, ಮಿಕ್ಸರಿನದು ಹಿಂದಿನ ಗೋಡೆಯಲ್ಲಿ. ಎರಡರ ಅರ್ಥಿಂಗ್ ತಂತಿಗಳೂ ನಡುವಿನ ಕೇಬಲ್ಲೂ ಸೇರಿ ವಿದ್ಯುತ್ ಹರಿಯುವ ಒಂದು ಸುತ್ತಾಗಿ, ಕೀಬೋರ್ಡ್ ಜೋಡಿಸಿದ ಕೂಡಲೇ ಸ್ಪೀಕರುಗಳು ಗುಂಯ್ ಎನ್ನಲು ಆರಂಭಿಸಿದವು. ಮನೆಗೆ ಬರುವ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಕಂಪನವೇ ಹೀಗೆ ಸದ್ದಾಗಿ ಕೇಳುತ್ತದೆ. ಅದು ಶ್ರುತಿಗೆ ಕೂಡುವುದಿಲ್ಲ, ಒಮ್ಮೆ ಕಿವಿಗೆ ಬಿದ್ದ ಮೇಲೆ ಬೇರೇನನ್ನೂ ಕೇಳಲು ಬಿಡುವುದಿಲ್ಲ.

ಇದಕ್ಕೆ ಮದ್ದು ಡಿಐ ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆ. ವಾದ್ಯದ ಸಂಕೇತವನ್ನು ಅದು ಮೈಕಿನ ಕೇಬಲ್ಲಿನಲ್ಲಿ ದೂರ ಸಾಗಬಲ್ಲ ರೂಪಕ್ಕೆ ಬದಲಿಸುತ್ತದೆ. ಬಾಡಿಗೆಗೆ ಉಪಕರಣ ಕೊಡುವವರೊಬ್ಬರನ್ನು ತುರ್ತಾಗಿ ಕರೆಸಿದೆವು. ಅವರು ಕೀಬೋರ್ಡಿಗೂ ಗಿಟಾರಿಗೂ ಒಂದೊಂದು ಪೆಟ್ಟಿಗೆ ಸೇರಿಸಿ, ಕೀಬೋರ್ಡಿನ ಪೆಟ್ಟಿಗೆಯ ಬದಿಯಲ್ಲಿದ್ದ ‘ಗ್ರೌಂಡ್ ಲಿಫ್ಟ್’ ಗುಂಡಿಯನ್ನು, ಎಂದರೆ ಆ ಅರ್ಥಿಂಗ್ ಸುತ್ತನ್ನು ಕಡಿಯುವ ಗುಂಡಿಯನ್ನು, ಒತ್ತಿದರು. ಗುಂಯ್‌ಗುಟ್ಟುವಿಕೆ ಆ ಕ್ಷಣವೇ ನಿಂತಿತು.

ಆದರೂ ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಇಪ್ಪತ್ತು ಮೀಟರ್ ಆಚೆಯ ಗೋಡೆಗೆ ಬಡಿದು ಹಿಂದಿರುಗುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಕಳೆದಿರುತ್ತದೆ. ಆ ತಡವಾದ ದನಿಯನ್ನು ನಂಬಿ ಹಾಡಿದರೆ ಎಂಥವರ ತಾಳವೂ ಜಾರುತ್ತದೆ. ಹಾಡುವವರ ಕಡೆಗೆ ಮುಖ ಮಾಡಿದ ಮಾನಿಟರ್ ಸ್ಪೀಕರ್ ಒಂದನ್ನು ಮೈಕಿನ ಬೆನ್ನಿಗೆ ಬರುವಂತೆ ನೆಲದ ಮೇಲಿಟ್ಟು, ದೊಡ್ಡ ಸ್ಪೀಕರುಗಳನ್ನು ಮೈಕುಗಳಿಗಿಂತ ಮುಂದಕ್ಕೆ ಸರಿಸಿದ ಮೇಲೆ ಅದೂ ಸರಿಹೋಯಿತು, ಮೈಕು ಕಿರುಚುವುದೂ ನಿಂತಿತು. ಇಷ್ಟಾಗುವಾಗ ಅತಿಥಿಗಳು ಬಾಗಿಲಲ್ಲಿದ್ದರು, ಅವರಂತೆಯೇ ಅಲಂಕರಿಸಿಕೊಂಡು ಬರಬೇಕಿದ್ದ ಗಾಯಕಿ ಇನ್ನೂ ಕೇಬಲ್ ಸುತ್ತುತ್ತಿದ್ದಳು. ಇದು ನನಗೆ ಬಹಳ ಬೇಸರ ತಂದ ಸಂಗತಿ.

ಡಿಜೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಖರ್ಚು ಕಡಿಮೆ, ಬೇಕೆಂದ ಹಾಡು ತಕ್ಷಣ ಸಿಗುತ್ತದೆ, ಕುಣಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಕುಣಿಯುವವರು ಕಡಿಮೆ, ಬಹಳ ದಿನಗಳ ಮೇಲೆ ಸಿಕ್ಕಿದವರೊಡನೆ ಕುಳಿತು ಮಾತನಾಡಬೇಕೆನ್ನುವವರು ಹೆಚ್ಚು.

ಆರ್ಕೆಸ್ಟ್ರಾದ ನಿಜವಾದ ಬಲ ನಿಶ್ಚಿಂತೆ. ಗಾಯಕರೊಬ್ಬರಿಗೆ ಗಂಟಲು ಕೆಟ್ಟರೆ ಬದಲಿಯವರು ಬರುತ್ತಾರೆ. ಗೆಳತಿಯ ಗಂಟಲು ಕೆಟ್ಟರೆ ಬದಲಿಯಿಲ್ಲ.

ಗೆಳೆಯರೆಂದರೆ ಪುಕ್ಕಟೆ ಎಂಬ ಎಣಿಕೆ ಸಲ್ಲದು. ಅವರ ಓಡಾಟದ ಖರ್ಚು ನಮ್ಮದೇ ಆಗಬೇಕು, ಊಟ ಕಾರ್ಯಕ್ರಮಕ್ಕೆ ಮೊದಲೇ ಆಗಬೇಕು, ಹಾಡುಗಳು ಒಂದು ಗಂಟೆಗೆ ಮುಗಿಯಬೇಕು. ಉಳಿದ ಹೊತ್ತಿಗೆ ಮೊದಲೇ ಆರಿಸಿಟ್ಟ ಧ್ವನಿಮುದ್ರಿತ ಹಾಡುಗಳು ಸಾಕು, ಏಕೆಂದರೆ ಅವರೂ ಮದುವೆಗೆ ಬಂದ ಅತಿಥಿಗಳೇ. ಬಾಡಿಗೆಯ ಉಪಕರಣ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ ಸೇರಿಸಿದರೂ ನಮಗೆ ಆರ್ಕೆಸ್ಟ್ರಾಕ್ಕಿಂತ ಕಡಿಮೆಯೇ ಆಯಿತು, ಡಿಜೆಗಿಂತ ಸ್ವಲ್ಪ ಹೆಚ್ಚಾಯಿತು. ಅಷ್ಟನ್ನು ನಾನು ಸಂತೋಷದಿಂದ ಕೊಡುತ್ತೇನೆ. ಮುಂದಿನ ಸಲ ವೇದಿಕೆಯ ಹೂವಿನ ಲೆಕ್ಕಕ್ಕಿಂತ ಮೊದಲು ಧ್ವನಿ ವ್ಯವಸ್ಥೆಯವರಿಗೆ ಮುಂಗಡ ಕೊಟ್ಟು, ಯಾವ ವಾದ್ಯ ಎಷ್ಟು, ಮೈಕು ಎಷ್ಟು ಎಂಬ ಪಟ್ಟಿಯನ್ನು ಬರೆದು ಅವರ ಕೈಗೆ ಒಪ್ಪಿಸುತ್ತೇನೆ; ಸೌಂಡ್ ಚೆಕ್ ಬೆಳಿಗ್ಗೆಯೇ ಮುಗಿಯಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸುತ್ತೇನೆ.