13 ಡಿಗ್ರಿ ಅಕ್ಷಾಂಶದಲ್ಲಿ ಸ್ಟಾರ್ ಅಡ್ವೆಂಚರರ್ ಜಿಟಿಐ

ಚಿಕ್ಕಮಗಳೂರಿನ ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾದ ಮೇಲೆ, ಕಳೆದ ಎರಡು ಬೇಸಿಗೆಗಳಲ್ಲಿ ಸ್ಕೈ-ವಾಚರ್ ಕಂಪನಿಯ ಸ್ಟಾರ್ ಅಡ್ವೆಂಚರರ್ ಜಿಟಿಐ ಮೌಂಟನ್ನು (ದೂರದರ್ಶಕವನ್ನು ಹೊತ್ತು ನಕ್ಷತ್ರಗಳ ಚಲನೆಗೆ ತಕ್ಕಂತೆ ತಿರುಗಿಸುವ ಸಾಧನ) ಅಲ್ಲಿ ನಿಲ್ಲಿಸಿ ಬಳಸಿದ್ದೇನೆ. ಮೌಂಟಿನ ತಲೆಭಾಗ 2.6 ಕಿಲೋ, ಪ್ರತಿತೂಕ 2.3 ಕಿಲೋ, ಹೊರಬಲ್ಲ ಭಾರ 5 ಕಿಲೋ ಎಂದು ತಯಾರಕರು ಹೇಳುತ್ತಾರೆ. ನನ್ನ 72 ಮಿಲಿಮೀಟರಿನ ದೂರದರ್ಶಕ, ಕ್ಯಾಮೆರಾ ಎಲ್ಲ ಸೇರಿ 3 ಕಿಲೋ ಆಗುತ್ತದೆ. ಫೋಟೊ ತೆಗೆಯುವವರು ಅದಕ್ಕಿಂತ ಹೆಚ್ಚು ಹೊರಿಸದಿರುವುದು ಒಳ್ಳೆಯದು.

ನಮ್ಮ ಅಕ್ಷಾಂಶ ಸುಮಾರು 13.3 ಡಿಗ್ರಿಯಾದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಮರಗಳು ಅದನ್ನು ಮರೆಮಾಡುತ್ತವೆ. ಧ್ರುವದತ್ತ ಗುರಿಯಿಡಬೇಕಾದ ಮೌಂಟಿನ ಅಕ್ಷ ಬಹುತೇಕ ಮಲಗಿರುವುದರಿಂದ, ಗುರಿ ನೋಡುವ ಪುಟ್ಟ ದೂರದರ್ಶಕವಾದ ಪೋಲಾರ್ ಸ್ಕೋಪಿಗೆ ಕಣ್ಣಿಡಲು ಮೊಣಕಾಲೂರಿದರೆ ಸಾಕು. ಆದರೆ ಪ್ರತಿತೂಕದ ಸರಳು ನೇರವಾಗಿ ಕೆಳಕ್ಕೆ ತೂಗಿ, ಉತ್ತರಕ್ಕೆ ಚಾಚಿದ ಟ್ರೈಪಾಡಿನ ಕಾಲಿಗೆ ತಗಲುತ್ತದೆ. ಒಂದು ಕಾಲನ್ನು ಉತ್ತರಕ್ಕಿಡಬೇಕೆಂಬ ಸಾಮಾನ್ಯ ಸಲಹೆಯನ್ನು ಬಿಟ್ಟು ದಕ್ಷಿಣಕ್ಕಿಟ್ಟೆ. ಸರಳು ಈಗ ಎರಡು ಕಾಲುಗಳ ನಡುವೆ ತಿರುಗುತ್ತದೆ.

ಮೌಂಟ್ ಹಗುರವಾದಷ್ಟೂ ಸಮತೋಲನ ನಿಖರವಾಗಿರಬೇಕು, ಏಕೆಂದರೆ ಸಣ್ಣ ಮೋಟಾರಿಗೆ ಹೆಚ್ಚುವರಿ ಭಾರವನ್ನು ಎಳೆಯುವ ಶಕ್ತಿ ಕಡಿಮೆ. ಮೊದಲ ರಾತ್ರಿ ನಾನು ಕ್ಯಾಮೆರಾ ಜೋಡಿಸುವ ಮುನ್ನವೇ ತೂಕ ಹೊಂದಿಸಿದ್ದೆ. ಚಿತ್ರಗಳಲ್ಲಿ ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದುದ್ದವಾಗಿ ಬಂದವು. ಈಗ ಕ್ಯಾಮೆರಾ, ಇಬ್ಬನಿ ತಡೆಯುವ ಹೀಟರ್ ಪಟ್ಟಿ, ಕೇಬಲ್ ಎಲ್ಲವನ್ನೂ ಕಟ್ಟಿ, ಫೋಕಸ್ ಸರಿಮಾಡಿ, ಮಸೂರದ ಮುಚ್ಚಳವನ್ನೂ ತೆಗೆದ ಮೇಲೆಯೇ ಶುರುಮಾಡುತ್ತೇನೆ. ಸರಳನ್ನು ಅಡ್ಡಕ್ಕೆ ನಿಲ್ಲಿಸಿ, ಡೆಕ್ ಕ್ಲಚ್ (ಉತ್ತರ-ದಕ್ಷಿಣ ಚಲನೆಯ ಬಿಗಿ) ಸಡಿಲಿಸಿ, ದೂರದರ್ಶಕದ ಕೊಳವೆಯನ್ನು ನೆಲಕ್ಕೆ ಸಮವಾಗಿ ಹಿಡಿದು ಕೈಬಿಟ್ಟರೆ ಯಾವ ತುದಿ ಭಾರವೋ ಅದು ತೂಗುತ್ತದೆ. ಕೊಳವೆಯನ್ನು ಮೌಂಟಿಗೆ ಕೂರಿಸುವ ಡವ್‌ಟೇಲ್ ಪಟ್ಟಿಯನ್ನು ಎರಡು ಮೂರು ಮಿಲಿಮೀಟರ್ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಡೆಕ್ ಅನ್ನು ಬಿಗಿಮಾಡಿದ ಬಳಿಕ ಆರ್‌ಎ ಕ್ಲಚ್ (ಪೂರ್ವ-ಪಶ್ಚಿಮ ಚಲನೆಯ ಬಿಗಿ) ಬಿಟ್ಟು, ಪ್ರತಿತೂಕದ ಬಟ್ಟನ್ನು ಸರಳಿನ ಮೇಲೆ ಹಿಂದೆ ಮುಂದೆ ಜರುಗಿಸಿ, ತಕ್ಕಡಿಯ ಮುಳ್ಳು ನಿಂತ ಹಾಗೆ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವವರೆಗೆ ತೂಗಿ ನೋಡುತ್ತೇನೆ. ಕೊನೆಗೆ ಪೂರ್ವದ ಕಡೆಗೆ ಕೂದಲೆಳೆಯಷ್ಟು ಭಾರ ಉಳಿಸುತ್ತೇನೆ. ಇದರಿಂದ ಗೇರಿನ ಹಲ್ಲುಗಳು ಸದಾ ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ನಕ್ಷತ್ರ ಪೂರ್ವಾಕಾಶದಲ್ಲಿದ್ದಾಗ ಬಟ್ಟು ತುಸು ಹೊರಗಿರಬೇಕು. ಅದು ನೆತ್ತಿ ದಾಟಿ ಕೊಳವೆ ಮೌಂಟಿನ ಇನ್ನೊಂದು ಬದಿಗೆ ಮಗುಚಿದ ಮೇಲೆ ಬಟ್ಟನ್ನು ಒಳಕ್ಕೆ ಸರಿಸಬೇಕು. ನಡುರಾತ್ರಿಯ ಚಳಿಯಲ್ಲಿ ಬೇಸರವೆನಿಸಿದರೂ ಇದನ್ನು ನಾನು ಬಿಡುವುದಿಲ್ಲ.

ಮೌಂಟನ್ನು ನಡೆಸುವ ಮೊಬೈಲಿನ ಸಿನ್‌ಸ್ಕ್ಯಾನ್ ಆ್ಯಪ್ ವೈಫೈ ಮೂಲಕ ತೊಂದರೆಯಿಲ್ಲದೆ ಜೋಡಣೆಯಾಗುತ್ತದೆ. 8 ಎಎ ಸೆಲ್‌ಗಳಿಂದಲೂ ಮೌಂಟ್ ನಡೆಯುತ್ತದೆ, ಆದರೆ ಇಡೀ ರಾತ್ರಿಗೆ 12 ವೋಲ್ಟ್ ಬ್ಯಾಟರಿಯನ್ನೇ ನಂಬಿ.

ಏಪ್ರಿಲ್ ಕೊನೆಯಲ್ಲಿ ಓಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಮ್ಮ ದಕ್ಷಿಣ ದಿಗಂತದಿಂದ 29 ಡಿಗ್ರಿ ಎತ್ತರಕ್ಕೇರಿದಾಗ ಒಂದೊಂದು ನಿಮಿಷದ ಚಿತ್ರಗಳನ್ನು ತೆಗೆದೆ. ಹಿಗ್ಗಿಸಿ ನೋಡಿದಾಗ ಆ ಗುಚ್ಛದ ಅಂಚಿನ ನಕ್ಷತ್ರಗಳು ಸಾಸಿವೆಯಷ್ಟು ದುಂಡಗಿದ್ದವು.