ಕೈ ಜೋಮಿಗೆ ಯಾವ ದಾರಿ? ಕಾಲರ್, ಎಣ್ಣೆ, ವ್ಯಾಯಾಮ, ಇಂಜೆಕ್ಷನ್: ಮಾಡಿ ನೋಡಿದ ಹೋಲಿಕೆ

ಕಿರುಬೆರಳೂ ಉಂಗುರ ಬೆರಳೂ ಜೋಮು ಹಿಡಿಯುತ್ತವೆ ಅಂದರೆ ನಮ್ಮ ಕಡೆ ಸಿಗುವ ಉತ್ತರ ಮೂರು: ಕುತ್ತಿಗೆ ಎಲುಬು ಸವೆದಿದೆ, ವಾಯು, ಇಲ್ಲವೇ ಬಿ-12 ಕಡಿಮೆ. ನಾನು ಮಂಗಳೂರಿನ ಶಾಲೆಯೊಂದರಲ್ಲಿ ಟೀಚರ್, ಮೂಲ್ಕಿಯಿಂದ ದಿನಾ ಬಸ್ಸಿನ ಓಡಾಟ. ಬೋರ್ಡಿನ ಮೇಲಿನ ಸಾಲು ಬರೆಯುವಾಗ ಬಲಗೈ ಭಾರವಾಗಿ ಸೀಮೆಸುಣ್ಣ ಜಾರುತ್ತಿತ್ತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತರೆ ಸುರತ್ಕಲ್ ದಾಟುವಷ್ಟರಲ್ಲಿ ಮೊಣಕೈಯಿಂದ ಕೆಳಗೆ ಚುರುಚುರು. ಕೈ ಇಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸರಿ. ಈ ಕೊನೆಯ ಸಂಗತಿಯಲ್ಲೇ ಅರ್ಧ ರೋಗನಿರ್ಣಯ ಇತ್ತು. ಆದರೆ ಅದನ್ನು ವಿವರವಾಗಿ ಕೇಳಿದವರು ಸಿಕ್ಕಿದ್ದು ಬಹಳ ತಡವಾಗಿ.

ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಗೊಂಚಲು ಇಕ್ಕಟ್ಟಾದ ಮೂರು ಜಾಗಗಳನ್ನು ದಾಟಬೇಕು. ಕುತ್ತಿಗೆಯ ಬದಿಯ ಸ್ಕೇಲೀನ್ ಸ್ನಾಯುಗಳ ನಡುವಿನ ಸಂದು, ಕಾಲರ್ ಬೋನಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಂದು, ಎದೆಯ ಮುಂಭಾಗದಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ಸಣ್ಣ ಸ್ನಾಯುವಿನ ಅಡಿ. ಕೈಗೆ ರಕ್ತ ಒಯ್ಯುವ ಅಪಧಮನಿಯದೂ ಇದೇ ದಾರಿ. ರಕ್ತ ಮರಳಿ ತರುವ ಅಭಿಧಮನಿ ಮಾತ್ರ ಮೊದಲ ಸಂದಿಗೆ ಇಳಿಯದೆ ಸ್ಕೇಲೀನಿನ ಮುಂದಿನಿಂದ ಬರುತ್ತದೆ. ಇಲ್ಲಿ ಎಲ್ಲಿ ಒತ್ತಿದರೂ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಅನ್ನುತ್ತಾರೆ, 1956ರಿಂದ ಬಳಕೆಯಲ್ಲಿರುವ ಹೆಸರು. ಇದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನರ ಒತ್ತುವ ಬಗೆ. ಅಭಿಧಮನಿಯದು ಕಡಿಮೆ, ಅಪಧಮನಿಯದು ಇನ್ನೂ ಅಪರೂಪ. ನನ್ನದು ನರದ್ದು. ಅಣ್ಣನ ಮಗನಿಗೆ ಆದದ್ದು ಅಭಿಧಮನಿಯದು. ಎರಡನ್ನೂ ಹತ್ತಿರದಿಂದ ಕಂಡದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಗಳು. ಕೈಯಿಂದ ಅತಿ ಹೆಚ್ಚು ದುಡ್ಡು ಹೋದದ್ದು ಕುತ್ತಿಗೆಯ ಎಂಆರ್‌ಐಗೆ. ಡಿಸ್ಕ್ ಒಂದು ಚೂರು ಉಬ್ಬಿದೆ ಅಂತ ವರದಿ ಬಂತು. ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದವರ ಕುತ್ತಿಗೆಯಲ್ಲೂ ಇಂಥ ಉಬ್ಬು ಕಾಣುವುದು ಸಾಮಾನ್ಯ. ಆದರೂ ಆ ಒಂದು ಸಾಲು ನೋಡಿ ನನಗೆ ಕುತ್ತಿಗೆಪಟ್ಟಿ ಕಟ್ಟಿದರು. ಎಂಆರ್‌ಐ ದಂಡ ಎಂದು ನಾನು ಹೇಳುವುದಿಲ್ಲ, ನರದ ಬೇರಿಗೆ ದೊಡ್ಡ ಒತ್ತಡ ಇಲ್ಲ ಎಂದು ಖಾತ್ರಿಯಾಯಿತು. ಆದರೆ ಇಲ್ಲ ಅಂತ ಹೇಳಲು ಮಾತ್ರ ಅದರಿಂದಾಯಿತು, ಇರುವುದು ಏನೆಂದು ಹೇಳಲು ಆಗಲಿಲ್ಲ. ಕೆಲವು ನೂರು ರೂಪಾಯಿಯ ಎಕ್ಸ್‌ರೇ ನನ್ನ ಲೆಕ್ಕದಲ್ಲಿ ಅದಕ್ಕಿಂತ ಮೊದಲು ಆಗಬೇಕಾದದ್ದು. ಕುತ್ತಿಗೆಯಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಪಕ್ಕೆಲುಬು ಇದೆಯೇ ಎಂದು ಅದರಲ್ಲಿ ಗೊತ್ತಾಗುತ್ತದೆ. ಸರ್ವೈಕಲ್ ರಿಬ್ ಎನ್ನುವ ಅದು ನೂರು ಜನರಲ್ಲಿ ಒಬ್ಬರಿಗೂ ಇರುವುದು ಕಷ್ಟ, ಇದ್ದವರಲ್ಲೂ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ನನಗೆ ಇರಲಿಲ್ಲ. ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಇದ್ದರೂ ಇದೇ ತರಹದ ನೋವು ಬರಬಹುದು, ಎದೆಯ ಎಕ್ಸ್‌ರೇ ತೆಗೆಸಿದ್ದು ಅದಕ್ಕಾಗಿ.

ನರದ ವೇಗ ನೋಡುವ ಪರೀಕ್ಷೆಯಲ್ಲಿ ಸಣ್ಣ ಸಣ್ಣ ಶಾಕ್ ಕೊಡುತ್ತಾರೆ. ಹೆದರುವಷ್ಟು ನೋವಿಲ್ಲ. ನನ್ನ ಮಣಿಕಟ್ಟಿನಲ್ಲೂ ಮೊಣಕೈಯಲ್ಲೂ ನರ ಸರಿಯಾಗಿತ್ತು. ಮಣಿಕಟ್ಟಿನಲ್ಲಿ ಒತ್ತಿದರೆ ಅದು ಕಾರ್ಪಲ್ ಟನೆಲ್: ಹೆಬ್ಬೆರಳು, ತೋರು, ನಡು ಬೆರಳು ಜೋಮು ಹಿಡಿಯುತ್ತವೆ, ರಾತ್ರಿ ಎದ್ದು ಕೈ ಕೊಡವಬೇಕಾಗುತ್ತದೆ. ಮೊಣಕೈಯಲ್ಲಿ ಒತ್ತಿದರೆ ಕಿರುಬೆರಳಿಗೆ ಬರುತ್ತದೆ, ಮೊಣಕೈ ಮಡಚಿ ಫೋನ್ ಹಿಡಿದಾಗ ಜಾಸ್ತಿ. ನನ್ನದು ಮುಂಗೈಯ ಒಳಬದಿಗೂ ಹಬ್ಬುತ್ತಿತ್ತು, ಕೈ ಎತ್ತಿದಾಗ ಮಾತ್ರ. ವರದಿ ನೋಡಿ ಒಬ್ಬರು "ಎಲ್ಲ ನಾರ್ಮಲ್, ಟೆನ್ಶನ್ ಕಡಿಮೆ ಮಾಡಿ" ಎಂದು ಕಳುಹಿಸಿದರು. ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಕೈ ಎತ್ತಿದಾಗ ಮಾತ್ರ ಒತ್ತುವ ನರ, ಕೈ ಇಳಿಸಿ ಮಲಗಿಸಿ ಮಾಡಿದ ಪರೀಕ್ಷೆಯಲ್ಲಿ ನಾರ್ಮಲ್ ಕಾಣುವುದು ಸಹಜ. ಪರೀಕ್ಷೆಯಲ್ಲಿ ಕಾಣುವಷ್ಟು ನರ ಕೆಟ್ಟಾಗ ಹೆಬ್ಬೆರಳ ಬುಡದ ಮಾಂಸವೇ ಕರಗಲು ಶುರುವಾಗಿರುತ್ತದೆ.

ಕೊನೆಗೆ ನಿಜ ಹೇಳಿದ್ದು ಯಂತ್ರವೇ ಇಲ್ಲದ ಪರೀಕ್ಷೆ. ಕಂಕನಾಡಿ ಬಳಿಯ ಫಿಸಿಯೋಥೆರಪಿಸ್ಟ್ ಒಬ್ಬರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಫೈಲನ್ನು ಬದಿಗಿಟ್ಟು "ಟೀಚರೇ, ಗೋಡೆಯೇ ಬೋರ್ಡ್ ಅಂತ ತಿಳ್ಕೊಳ್ಳಿ, ದಿನಾ ಬರೆಯುವ ಹಾಗೆ ಬರೆದು ತೋರಿಸಿ" ಅಂದರು. ಬರೆದೆ. ಹೆಗಲು ಕಿವಿಯತ್ತ ಏರುವುದು, ಉಸಿರು ಹೊಟ್ಟೆಗೆ ಇಳಿಯದೆ ಕುತ್ತಿಗೆಯಲ್ಲೇ ನಿಲ್ಲುವುದು, ಹೆಗಲೆಲುಬು ಬೆನ್ನಿನಿಂದ ಎದ್ದು ಬರುವುದು, ಎಲ್ಲವನ್ನೂ ಹಿಂದೆ ನಿಂತು ನೋಡಿದರು. ಆಮೇಲೆ ಎರಡೂ ಕೈ ಹೆಗಲ ಮಟ್ಟಕ್ಕೆ ಎತ್ತಿ, ಮೊಣಕೈ ಮಡಚಿ, ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿದರು. ಎಡಗೈ ಸುಸ್ತಾಯಿತು ಅಷ್ಟೇ. ಬಲಗೈ ಒಂದು ನಿಮಿಷವೂ ನಿಲ್ಲದೆ ಬಿತ್ತು. ಕಾಲರ್ ಬೋನಿನ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಒತ್ತಿದಾಗ ಕಿರುಬೆರಳ ತುದಿಗೆ ಕರೆಂಟ್ ಹೊಡೆದ ಹಾಗಾಯಿತು. ಇನ್ನೊಂದು ಪರೀಕ್ಷೆ ಇದೆ, ಕತ್ತು ತಿರುಗಿಸಿ ಉಸಿರು ಬಿಗಿಹಿಡಿದಾಗ ನಾಡಿ ನಿಲ್ಲುತ್ತದೆಯೇ ಎಂದು ನೋಡುವುದು. ಅದನ್ನೊಂದೇ ನಂಬಬಾರದು ಎಂದು ಅವರೇ ಹೇಳಿದರು, ಆರೋಗ್ಯವಂತರಲ್ಲೂ ಅನೇಕರಿಗೆ ನಾಡಿ ಹೀಗೆ ಕುಗ್ಗುತ್ತದೆ.

ಇನ್ನು ಚಿಕಿತ್ಸೆ. ಕುತ್ತಿಗೆಪಟ್ಟಿಯಿಂದ ನನಗೆ ಉಪಕಾರವಾಗಲಿಲ್ಲ, ಕುತ್ತಿಗೆ ಇನ್ನಷ್ಟು ಬಿಗಿಯಾಯಿತು. ನರದ ನೋವಿಗೆ ಕೊಟ್ಟ ಮಾತ್ರೆಯಿಂದ ರಾತ್ರಿ ಒಳ್ಳೆ ನಿದ್ದೆ ಬಂತು, ಮರುದಿನ ಮೊದಲ ಪಿರಿಯಡ್ಡಿಗೂ ಮಂಪರು ಬಿಡಲಿಲ್ಲ. ತಿಂಗಳುಗಟ್ಟಲೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ವೈದ್ಯರನ್ನು ಕೇಳಿಯೇ ಹಂತ ಹಂತವಾಗಿ ಬಿಟ್ಟೆ. ಎಣ್ಣೆ ತಿಕ್ಕಿ ಹಬೆ ಹಿಡಿದರೆ ಸಂಜೆಗೆ ಬೆನ್ನು ಸಡಿಲವಾಗುತ್ತದೆ, ಅದು ಸುಖವೇ. ಆದರೆ ಕಾಲರ್ ಬೋನಿನ ಮೇಲಿನ ಗುಳಿಯನ್ನು ಬಲವಾಗಿ ಒತ್ತಿ ತಿಕ್ಕಿದ ದಿನವೆಲ್ಲ ಬೆರಳು ಜಾಸ್ತಿ ಜೋಮು ಹಿಡಿಯುತ್ತಿತ್ತು. ಬೆನ್ನಿಗೆ ತಿಕ್ಕಿಸಿಕೊಳ್ಳಿ, ಆ ಗುಳಿಗೆ ಬೇಡ.

ವ್ಯಾಯಾಮದಲ್ಲಿ ಎರಡು ಬಗೆ ಕಂಡೆ, ಹೋಲಿಕೆಯಲ್ಲಿ ಅತಿ ದೊಡ್ಡ ಅಂತರ ಇಲ್ಲೇ. ಮೊದಲು ಹೋದ ಕಡೆ ಎಲ್ಲರಿಗೂ ಒಂದೇ ಹಾಳೆ: ಕುತ್ತಿಗೆ ಎಳೆತ, ಕರೆಂಟಿನ ಶಾಖ, ಡಂಬೆಲ್ ಎತ್ತಿ ಹೆಗಲು ಗಟ್ಟಿ ಮಾಡುವುದು. ತಲೆಯ ಮೇಲೆ ತೂಕ ಎತ್ತುವುದು ಈ ಕಾಯಿಲೆಯಲ್ಲಿ ಇಕ್ಕಟ್ಟನ್ನೇ ಹೆಚ್ಚಿಸುತ್ತದೆ, ನನ್ನ ಕೈ ಅದರಿಂದ ಕೆರಳಿತು. ಕಂಕನಾಡಿಯಲ್ಲಿ ಕಲಿಸಿದ್ದು ನೋಡಲು ಏನೂ ಅಲ್ಲದ ಕೆಲಸಗಳು. ಮಲಗಿ ಹೊಟ್ಟೆಯಿಂದ ಉಸಿರಾಡುವುದು, ಯಾಕೆಂದರೆ ಸ್ಕೇಲೀನ್ ಸ್ನಾಯು ಉಸಿರು ಎಳೆಯುವಾಗ ಮೊದಲ ಪಕ್ಕೆಲುಬನ್ನು ಮೇಲೆತ್ತುತ್ತದೆ. ಕುತ್ತಿಗೆಯಿಂದ ಉಸಿರಾಡುವವರಲ್ಲಿ ಅದಕ್ಕೆ ಬಿಡುವೇ ಇಲ್ಲ. ಬಾಗಿಲ ದಾರಂದಕ್ಕೆ ಮುಂಗೈ ಆನಿಸಿ, ಮೊಣಕೈ ಹೆಗಲಿಗಿಂತ ಕೆಳಗಿಟ್ಟು, ಎದೆ ಹಿಗ್ಗಿಸುವುದು. ಗೋಡೆಗೆ ಕೈಯಿಟ್ಟು ದೂಡಿ ಹೆಗಲೆಲುಬನ್ನು ಹಿಡಿತದಲ್ಲಿಡುವುದು. ನರ ಸರಿದಾಡುವಂತೆ ಕೈಯನ್ನು ಮೆಲ್ಲಗೆ ಚಾಚಿ ಮಡಚುವುದು, ಜೋಮು ಶುರುವಾಗುವ ಮೊದಲೇ ನಿಲ್ಲಿಸುವುದು. ಮೂರರಿಂದ ಆರು ತಿಂಗಳು ಬೇಕು ಎಂದು ಮೊದಲೇ ಹೇಳಿದ್ದರು, ಅಷ್ಟೇ ಬೇಕಾಯಿತು. ಜೊತೆಗೆ ಬದುಕಿನಲ್ಲಿ ಸಣ್ಣ ಬದಲಾವಣೆ: ಬಟ್ಟೆ ಒಣಹಾಕುವ ಹಗ್ಗ ಎದೆಮಟ್ಟಕ್ಕೆ ಇಳಿಯಿತು, ಬಸ್ಸಿನಲ್ಲಿ ಕಂಬಿಯ ಬದಲು ಸೀಟಿನ ಹಿಡಿಕೆ, ಹೆಗಲಿಗೆ ಹಾಕುವ ಬ್ಯಾಗು ಹೋಗಿ ಹಗುರ ಕೈಚೀಲ, ಒಳಉಡುಪಿನ ಪಟ್ಟಿ ಅಗಲದ್ದು. ಈ ಕೊನೆಯದನ್ನು ಯಾವ ಗಂಡಸು ವೈದ್ಯರೂ ಹೇಳಿರಲಿಲ್ಲ.

ಇಂಜೆಕ್ಷನ್ ಕೂಡ ತೆಗೆದುಕೊಂಡೆ. ಸ್ಕ್ಯಾನ್ ನೋಡುತ್ತಾ ಮುಂಭಾಗದ ಸ್ಕೇಲೀನ್ ಸ್ನಾಯುವಿಗೆ ಮರಗಟ್ಟಿಸುವ ಮದ್ದು ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕೈ ಎತ್ತಿ ಹಿಡಿದರೆ ಏನೂ ಇಲ್ಲ! ಬಲಗಣ್ಣಿನ ರೆಪ್ಪೆ ಇಳಿಬಿದ್ದು ಸ್ವರ ಒಡಕಾಯಿತು, ಹಾಗಾಗಬಹುದೆಂದು ಮೊದಲೇ ತಿಳಿಸಿದ್ದರು, ಸಂಜೆಗೆ ಸರಿಹೋಯಿತು. ಮದ್ದಿನ ಗುಣವೂ ಅಷ್ಟರಲ್ಲೇ ಮುಗಿಯಿತು. ಚಿಕಿತ್ಸೆಯೆಂದು ಇದಕ್ಕೆ ದುಡ್ಡು ಕೊಟ್ಟರೆ ಬೇಸರವಾದೀತು. ಆದರೆ ಒತ್ತುತ್ತಿರುವ ಜಾಗ ಇದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಗಲಿಲ್ಲ. ಇದರಿಂದ ಆರಾಮ ಸಿಕ್ಕವರಿಗೆ ಶಸ್ತ್ರಚಿಕಿತ್ಸೆಯಿಂದಲೂ ಗುಣ ಸಿಗುವ ಸಂಭವ ಹೆಚ್ಚು ಎಂಬ ಲೆಕ್ಕ ಸರ್ಜನ್‌ಗಳಿಗೂ ಇದೆ.

ಶಸ್ತ್ರಚಿಕಿತ್ಸೆ ನಾನು ಮಾಡಿಸಿಕೊಂಡಿಲ್ಲ. ಅಣ್ಣನ ಮಗನಿಗೆ ಅದು ಬೇಕೇಬೇಕಾಯಿತು. ಉಡುಪಿಯಲ್ಲಿ ಓದುವ ಹುಡುಗ, ವಾಲಿಬಾಲಿನಲ್ಲಿ ಸ್ಮ್ಯಾಶ್ ಹೊಡೆಯುವವನು. ಟೂರ್ನಮೆಂಟ್ ಮುಗಿದ ಮರುದಿನ ಬಲಗೈ ಹೆಗಲಿನಿಂದ ಬೆರಳವರೆಗೆ ಊದಿ ನೀಲಿಗಟ್ಟಿತು, ಎದೆಯ ಮೇಲೆ ನೀಲಿ ನಾಳಗಳು ಎದ್ದು ಕಂಡವು. ಒಂದು ಕ್ಲಿನಿಕ್ಕಿನಲ್ಲಿ ಉಳುಕು ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದ್ದರು. ಅತ್ತಿಗೆ ತೆಂಗಿನ ಎಣ್ಣೆ ಬಿಸಿ ಮಾಡುತ್ತಿದ್ದರು. ಅವನು ಕಳುಹಿಸಿದ ಫೋಟೋ ನೋಡಿ ನಾನು ಫೋನ್ ಮಾಡಿದೆ, "ಅತ್ತಿಗೆ, ತಿಕ್ಕಬೇಡಿ, ಈಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೊರಡಿ." ನನ್ನ ಕೈ ಯಾವತ್ತೂ ಊದಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ವ್ಯತ್ಯಾಸ ಅದೇ. ನರದ್ದಾದರೆ ಕೈಯ ಭಂಗಿಯ ಜೊತೆ ಬಂದು ಹೋಗುವ ಜೋಮು, ಅಭಿಧಮನಿಯದಾದರೆ ಇಳಿಯದ ಊತ ಮತ್ತು ನೀಲಿ, ಅಪಧಮನಿಯದಾದರೆ ಬೆರಳು ತಣ್ಣಗೆ, ಬಿಳಿಚು.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಕಾಲರ್ ಬೋನಿನ ಅಡಿಯ ಭಾಗ ಡಾಪ್ಲರ್‌ಗೆ ಸರಿಯಾಗಿ ಕಾಣದು, ಎಲುಬು ಮರೆ ಮಾಡುತ್ತದೆ. ಹಾಗಾಗಿ ನಾಳದೊಳಗೆ ಬಣ್ಣದ ಮದ್ದು ಹರಿಸಿ ಅದರ ಚಿತ್ರವನ್ನೂ ತೆಗೆದರು. 1875ರಲ್ಲಿ ಪ್ಯಾಜೆಟ್, 1884ರಲ್ಲಿ ಶ್ರೋಟರ್ ವಿವರಿಸಿದ ಕಾಯಿಲೆ ಇದು, ಕೈ ಎತ್ತಿ ಶ್ರಮಪಡುವ ಯುವಕರಲ್ಲೇ ಹೆಚ್ಚು. ನಾಳದೊಳಗೆ ತೆಳು ಕೊಳವೆ ಇಳಿಸಿ ಹೆಪ್ಪು ಕರಗಿಸುವ ಮದ್ದು ಬಿಟ್ಟರು. ಇದು ಸಾಮಾನ್ಯವಾಗಿ ಮೊದಲ ಎರಡು ವಾರದೊಳಗಾದರೆ ಚೆನ್ನಾಗಿ ಫಲಿಸುತ್ತದೆ, ಹಳೆಯದಾದಷ್ಟೂ ಹೆಪ್ಪು ಗಟ್ಟಿಯಾಗುತ್ತದೆ. ಹೆಪ್ಪಿನ ತುಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ರಕ್ತ ತೆಳುಮಾಡುವ ಮದ್ದು ಮುಂದುವರಿಸಿ, ಆಮೇಲೆ ಮೊದಲ ಪಕ್ಕೆಲುಬು ತೆಗೆದರು. ನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಕೊಳವೆ ಹಾಕಿದರೆ ಸಾಲದೇ ಎಂದು ಅಣ್ಣ ಕೇಳಿದ್ದ. ಪಕ್ಕೆಲುಬು ಹಾಗೆಯೇ ಇದ್ದರೆ ಬಾಗಿಲ ಸಂದಿಯಲ್ಲಿ ಪೈಪ್ ಇಟ್ಟ ಹಾಗೆ, ಕೈ ಎತ್ತಿದಾಗಲೆಲ್ಲ ಜಜ್ಜಿಹೋಗುತ್ತದೆ ಎಂದರು ಸರ್ಜನ್.

ಈ ಶಸ್ತ್ರಚಿಕಿತ್ಸೆಗೆ ಕಂಕುಳಿನಿಂದ ಹೋಗುವ ದಾರಿಯೂ ಇದೆ, 1966ರಿಂದ ರೂಢಿಯಲ್ಲಿರುವುದು. ಕಾಲರ್ ಬೋನಿನ ಮೇಲಿನಿಂದ ಹೋಗಿ ಸ್ಕೇಲೀನನ್ನೂ ಬಿಡಿಸುವ ದಾರಿಯೂ ಇದೆ. ಎರಡರಲ್ಲೂ ಶ್ವಾಸಕೋಶದ ಸುತ್ತ ಗಾಳಿ ಸೇರುವ, ವಪೆಯ (ಉಸಿರಾಟದ ಮುಖ್ಯ ಸ್ನಾಯು) ನರಕ್ಕೋ ಕೈಯ ನರಕ್ಕೋ ಪೆಟ್ಟಾಗುವ ಅಪಾಯ ಇರುತ್ತದೆ. ಹುಡುಗನ ಮಟ್ಟಿಗೆ ಆ ಅಪಾಯ ತೆಗೆದುಕೊಳ್ಳುವುದೇ ಸರಿ, ನನ್ನ ಮಟ್ಟಿಗೆ ಅಲ್ಲ. ಸರಿಯಾದ ವ್ಯಾಯಾಮ ಪೂರ್ತಿ ಅವಧಿ ಮಾಡಿಯೂ ಗುಣವಾಗದವರು, ಹೆಬ್ಬೆರಳ ಬುಡ ಸೊರಗುತ್ತಿರುವವರು ತಡಮಾಡದೆ ಸರ್ಜನ್ ಬಳಿ ಹೋಗಬೇಕು. ಹೋದಾಗ ಕೇಳಬೇಕಾದ ಎರಡು ಪ್ರಶ್ನೆ: ಈ ಆಪರೇಷನ್ ನೀವೇ ಎಷ್ಟು ಮಾಡಿದ್ದೀರಿ, ಮತ್ತು ಒತ್ತುತ್ತಿರುವುದು ಮೂರು ಸಂದಿಗಳಲ್ಲಿ ಯಾವುದರಲ್ಲಿ. ಒತ್ತು ಪೆಕ್ಟೊರಾಲಿಸ್ ಮೈನರ್ ಅಡಿಯಲ್ಲಿ ಮಾತ್ರ ಇದ್ದರೆ ಪಕ್ಕೆಲುಬನ್ನು ಮುಟ್ಟದೆ ಆ ಸ್ನಾಯುವನ್ನಷ್ಟೇ ಬಿಡಿಸುವ ಚಿಕ್ಕ ಆಪರೇಷನ್ ಸಾಕಾಗಬಹುದು.